ಸಹಾಯ ಬೇಕು: ನೀರು ತುಂಬಿದರೆ ಓಲಾಡುವ ಟ್ರೇಲರ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ ಪುಟ್ಟ ಕ್ಯಾರವಾನ್ ಟ್ರೇಲರ್ ನಮ್ಮದು. ಖಾಲಿ ತೂಕ 820 ಕೆ.ಜಿ. ಕಳೆದ ಭಾನುವಾರ ತುಮಕೂರು ರಸ್ತೆಯಲ್ಲಿ, ಬರೀ 70ರ ವೇಗದಲ್ಲಿ, ಲಾರಿಯೊಂದು ಪಕ್ಕದಲ್ಲಿ ಹಾದುಹೋದದ್ದೇ ತಡ, ಟ್ರೇಲರ್ ಹಸು ಬಾಲ ಬೀಸಿದ ಹಾಗೆ ಓಲಾಡತೊಡಗಿತು. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅಮ್ಮ ಇನ್ನೂ ಬೈಯುತ್ತಿದ್ದಾರೆ.

ಮನೆಗೆ ಬಂದು, ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಟ್ರೇಲರ್ ಮಟ್ಟವಾಗಿರುವಂತೆ ಅದರ ಮೂತಿಯನ್ನು, ಅಂದರೆ ಕಾರಿನ ಕೊಂಡಿಗೆ ಸಿಕ್ಕಿಸುವ ಮುಂತುದಿಯನ್ನು, ದಿಮ್ಮಿಯ ಮೇಲಿಟ್ಟು ನೋಡಿದೆ. ಮೂತಿಯ ಮೇಲಿನ ಭಾರ ನೀರಿಲ್ಲದಾಗ 85 ಕೆ.ಜಿ. ಟ್ಯಾಂಕಿಗೆ 100 ಲೀಟರ್ ತುಂಬಿದ ಮೇಲೆ 45! ಟ್ಯಾಂಕ್ ಇರುವುದು ಆಕ್ಸಲ್‌ನಿಂದ 1.2 ಮೀಟರ್ ಹಿಂದೆ, ಕೊಂಡಿ 3 ಮೀಟರ್ ಮುಂದೆ. ಸೀಸಾ ಆಟದ ಲೆಕ್ಕವೇ, ಹಿಂದೆ ಭಾರ ಬಿದ್ದರೆ ಮೂತಿ ಹಗುರ. ಟ್ರೇಲರ್ ಓಲಾಡದಿರಲು ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕಂತೆ, ನಮ್ಮದು ಶೇ. 5ನ್ನೂ ಮುಟ್ಟುವುದಿಲ್ಲ.

ತೂಕ ಹಂಚುವ ಸ್ಪ್ರಿಂಗ್ ಸರಳುಗಳ ಕೊಂಡಿ ಹಾಕಿಸು ಎನ್ನುತ್ತಾರೆ ಭಾವ. ಅದು ಕೊಂಡಿಯ ಮೇಲಿನ ಭಾರವನ್ನು ಕಾರಿನ ಮುಂದಿನ ಚಕ್ರಗಳಿಗೂ ಟ್ರೇಲರ್ ಚಕ್ರಗಳಿಗೂ ಹಂಚುತ್ತದೆಯೇ ಹೊರತು, ಇಲ್ಲದ ಭಾರವನ್ನು ತಂದುಕೊಡುವುದಿಲ್ಲ ಎಂಬುದು ನನ್ನ ವಾದ. ನಾನು ಸರಿಯೇ?

ಟ್ಯಾಂಕನ್ನು ನೇರ ಆಕ್ಸಲ್ ಮೇಲಕ್ಕೆ ತಂದು, ಹಿಂಬದಿಯ ಅಡುಗೆ ಕಟ್ಟೆಯಲ್ಲಿರುವ ಗ್ಯಾಸ್ ಸಿಲಿಂಡರನ್ನು ಹೊರಗೆ ಮೂತಿಯ ಬಳಿ ಕೂರಿಸುವ ಯೋಚನೆಯಿದೆ. ಆದರೆ ಕಾರಿನ ಕೊಂಡಿಯ ಮಿತಿ 100 ಕೆ.ಜಿ. ಮಾತ್ರ, ಅದನ್ನು ದಾಟುವಂತಿಲ್ಲ. ಹೀಗೆ ಟ್ಯಾಂಕ್ ಸ್ಥಳಾಂತರಿಸಿದವರು ಯಾರಾದರೂ ಇದ್ದೀರಾ? ಯಶವಂತಪುರ, ಪೀಣ್ಯ ಕಡೆ ಚಾಸಿ ವೆಲ್ಡಿಂಗ್ ನಂಬಿಕೆಯಿಂದ ಮಾಡುವವರಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಟ್ಯಾಂಕ್ ಖಾಲಿ, ನೀರು ಕಾರಿನಲ್ಲಿ ಕ್ಯಾನುಗಳಲ್ಲಿ.