ಹರಿಹರ ಎಂದರೆ ಊರೇ, ದೇವರೇ, ಕವಿಯೇ? ಟ್ಯಾಗಿಂಗ್ ಉಪಕರಣ ಬದಲಾದ ಮೇಲಿನ ತೊಡಕುಗಳು

ಕುಂದವಾಡ ಕೆರೆಏರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಚರಿತ್ರೆ, ಕೃಷಿ ಮತ್ತು ಊರುಕೇರಿಯ ಸಂಗತಿಗಳನ್ನು ಕುರಿತ ಪುಟ್ಟ ಜಾಲತಾಣವೊಂದನ್ನು ನಾವು ಮೂವರು ಸ್ನೇಹಿತರು ನಡೆಸುತ್ತಿದ್ದೇವೆ. ಲೇಖನದಲ್ಲಿ ಬರುವ ಊರು, ವ್ಯಕ್ತಿ, ಬೆಳೆಗಳ ಹೆಸರನ್ನು ಗುರುತಿಸಿ ತಾನೇ ಟ್ಯಾಗ್ ಹಚ್ಚುವುದಕ್ಕೆ ಈವರೆಗೆ ಪದಪಟ್ಟಿಯನ್ನು ನೆಚ್ಚಿದ ಹಳೆಯ ಉಪಕರಣವಿತ್ತು. ಪದದ ಆರಂಭ ಪಟ್ಟಿಗೆ ಹೊಂದಿದರೆ ಸಾಕು, ಅದು ಟ್ಯಾಗ್ ಹಚ್ಚಿಬಿಡುತ್ತಿತ್ತು. ಹೀಗಾಗಿ ಜಗಳೂರಿನ ಬರ, ಮೆಕ್ಕೆಜೋಳ, ಕುಡಿಯುವ ನೀರಿನ ಬಗ್ಗೆ ಬರೆದದ್ದೆಲ್ಲ ‘ಜಗಳ’ ಎಂಬ ಟ್ಯಾಗಿನಡಿ ಹೋಗಿ ಕುಳಿತಿತ್ತು. ಓದುಗರೊಬ್ಬರು ಅದನ್ನು ತೋರಿಸಿ ನಕ್ಕ ಮೇಲೆ, ಬಹುಭಾಷಾ ಮಾದರಿಯನ್ನು ಬಳಸುವ ಹೊಸ ಉಪಕರಣಕ್ಕೆ ಬದಲಾದೆವು.

ಜಗಳೂರು ಈಗ ಸರಿಯಾಗಿದೆ, ಆದರೆ ಬೇರೆ ತೊಡಕುಗಳು ಎದ್ದಿವೆ. 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಲೇಖನದಲ್ಲಿ ಹರಿಹರ ಪಟ್ಟಣ, ಹರಿಹರ ದೇವರು, ಪ್ರಾಸಂಗಿಕವಾಗಿ ಬರುವ ರಗಳೆಯ ಕವಿ ಹರಿಹರ, ಮೂರೂ ಒಂದೇ ಟ್ಯಾಗಿಗೆ ಸೇರಿವೆ. ಹೊಳಲ್ಕೆರೆಗೆ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಎನ್ನಿಸುವ ಎರಡು ಟ್ಯಾಗ್‌ಗಳು ಹುಟ್ಟಿಕೊಂಡಿವೆ. ಇದಲ್ಲದೆ, 2022ರಲ್ಲಿ ಶ್ರಮಪಟ್ಟು ಅಳವಡಿಸಿದ್ದ ಪ್ರಶ್ನೋತ್ತರ ಮಾರ್ಕಪ್ (ಪುಟದಲ್ಲಿ ಪ್ರಶ್ನೋತ್ತರವಿದೆ ಎಂದು ಹುಡುಕುತಾಣಕ್ಕೆ ತಿಳಿಸುವ ಗುರುತು) ಗೂಗಲ್ ಹುಡುಕಾಟದಲ್ಲಿ ಈಗ ಕಾಣಿಸುತ್ತಲೇ ಇಲ್ಲ. ನಾವು ಮಾಡಿದ ತಪ್ಪು ಯಾವುದು, ಬದಲಾದದ್ದು ಯಾವುದು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಏಳುಸುತ್ತಿನ ದಾರಿ

ಹೊಳಲ್ಕೆರೆ ನಮ್ಮ ಚಿತ್ರದುರ್ಗ ಜಿಲ್ಲೆಯದಾದ್ದರಿಂದ ಮೊದಲು ಅದನ್ನೇ ಎತ್ತಿಕೊಳ್ಳುತ್ತೇನೆ. ‘ಹೊಳಲ್ಕೆರೆ’ ಎಂದು ಒತ್ತಕ್ಷರ ಕೊಟ್ಟು ಬರೆಯುವವರಿದ್ದಾರೆ, ‘ಹೊಳಲ್‌ಕೆರೆ’ ಎಂದು ಬಿಡಿಸಿ ಬರೆಯುವವರೂ ಇದ್ದಾರೆ. ಎರಡನೆಯದರಲ್ಲಿ ಅರ್ಧ ‘ಲ್’ ಮತ್ತು ‘ಕೆ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಯಂತ್ರದ ಪಾಲಿಗೆ ಇವು ಎರಡು ಬೇರೆ ಪದಗಳು. ನಿಮ್ಮ ಹಳೆಯ ಲೇಖನಗಳು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾಗಿ ಆಮೇಲೆ ಯೂನಿಕೋಡಿಗೆ ಬಂದವಾಗಿದ್ದರೆ ಇನ್ನೂ ಒಂದು ಕಳ್ಳನಿರುತ್ತಾನೆ: ಅನುಸ್ವಾರದ ಸೊನ್ನೆಯ ಜಾಗದಲ್ಲಿ ಅಂಕಿಯ ಸೊನ್ನೆ. ‘ತುಂಗಭದ್ರಾ’ ಮತ್ತು ‘ತು೦ಗಭದ್ರಾ’ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ, ಬಹುತೇಕರಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆದ್ದರಿಂದ ಟ್ಯಾಗಿಂಗ್‌ಗೆ ಮೊದಲು ಪಠ್ಯವನ್ನು ಏಕರೂಪಕ್ಕೆ ತರಬೇಕು. ಯೂನಿಕೋಡಿನ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ಬದಲಾಯಿಸಿದರೆ, ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಎರಡು ತುಂಡಾಗಿ ದಾಖಲಿಸಿದ ಕಡೆಯಲ್ಲೆಲ್ಲ ಅದು ಒಂದೇ ಸಂಕೇತವಾಗುತ್ತದೆ. ಸೊನ್ನೆಯ ತಪ್ಪನ್ನು ಮಾತ್ರ ಎನ್‌ಎಫ್‌ಸಿ ಮುಟ್ಟುವುದಿಲ್ಲ. ಹಿಂದೆ ಕನ್ನಡ ಅಕ್ಷರವಿದ್ದು ನಡುವೆ ಅಂಕಿಯ ಸೊನ್ನೆ ಬಂದರೆ ಅದನ್ನು ಅನುಸ್ವಾರವಾಗಿಸುವ ನಿಯಮವನ್ನು ನೀವೇ ಬರೆಯಬೇಕು.

ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಕಾಣದ ಸಂಕೇತಗಳನ್ನು ಹೋಲಿಕೆಗೆ ಬಳಸುವ ಪ್ರತಿಯಿಂದ ಮಾತ್ರ ತೆಗೆಯಿರಿ, ಪ್ರಕಟವಾದ ಪಠ್ಯದಿಂದ ತೆಗೆಯಬೇಡಿ. ತೆಗೆದರೆ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗುತ್ತದೆ, ‘ರ‍್ಯಾಂಕ್’ ಎಂಬುದು ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ. ನಾನೇ ಒಮ್ಮೆ ಇಡೀ ದತ್ತಸಂಚಯಕ್ಕೆ ಹೀಗೆ ಮಾಡಿ, ಒಂದು ಭಾನುವಾರವನ್ನು ಹಳೆಯ ಪ್ರತಿಯಿಂದ ಮರಳಿ ತುಂಬುವುದರಲ್ಲಿ ಕಳೆದಿದ್ದೇನೆ.

ಹೊಳೆಯ ಪಕ್ಕದ ಮೇಷ್ಟ್ರು

ನಾನು ಹರಿಹರದವನು, ನಮ್ಮೂರು ದೇವರ ಲೆಕ್ಕಕ್ಕೂ ಕವಿಯ ಲೆಕ್ಕಕ್ಕೂ ಹೋದದ್ದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ನಿಮ್ಮ ಹೊಸ ಉಪಕರಣದ ಸೆಟ್ಟಿಂಗ್‌ನಲ್ಲಿ ಪ್ರತ್ಯಯ ಕಳಚುವ, ಅಂದರೆ ಸ್ಟೆಮ್ಮಿಂಗ್ ಮಾಡುವ ಆಯ್ಕೆ ಚಾಲೂ ಇದೆಯೇ ಎಂದು ದಯವಿಟ್ಟು ನೋಡಿ. ಇದ್ದರೆ ತೊಂದರೆಯ ಬೇರು ಬಹುಮಟ್ಟಿಗೆ ಅಲ್ಲಿಯೇ ಇದೆ.

ಕನ್ನಡದಲ್ಲಿ ಊರನ್ನೂ ಆಳನ್ನೂ ಬೇರೆ ಮಾಡಿ ಹೇಳುವುದು ವಿಭಕ್ತಿ ಪ್ರತ್ಯಯವೇ. ಊರಾದರೆ ‘ಹರಿಹರದಲ್ಲಿ’, ‘ಹರಿಹರಕ್ಕೆ’, ‘ಹರಿಹರದ’. ಕವಿಯಾದರೆ ‘ಹರಿಹರನಲ್ಲಿ’, ‘ಹರಿಹರನಿಗೆ’, ‘ಹರಿಹರನ’. ನಾವು ಓದುವಾಗ ಒಂದು ಕ್ಷಣವೂ ಅನುಮಾನಿಸುವುದಿಲ್ಲ. ಬಾಲ ಕತ್ತರಿಸಿ ಎಲ್ಲವನ್ನೂ ‘ಹರಿಹರ’ ಎಂದು ಮಾಡಿದ ಮೇಲೆ, ಯಂತ್ರಕ್ಕೆ ಸಿಗಬಹುದಾಗಿದ್ದ ಒಳ್ಳೆಯ ಸುಳಿವನ್ನು ನಾವೇ ಕೈಯಾರೆ ಎಸೆದಂತಾಗುತ್ತದೆ. ಪಟ್ಟಿ ಹಿಡಿದು ಹುಡುಕುವ ಹಳೆಯ ಕ್ರಮಕ್ಕೆ ಸ್ಟೆಮ್ಮಿಂಗ್ ಬೇಕಿತ್ತು, ಒಪ್ಪುತ್ತೇನೆ. ಆದರೆ ವಾಕ್ಯದಲ್ಲಿನ ಹೆಸರುಗಳನ್ನು ಗುರುತಿಸುವ, ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಎನ್‌ಇಆರ್‌ನಂತಹ ಮಾದರಿಗಳು ಪ್ರತ್ಯಯ ಸಮೇತವಾದ ಸಹಜ ವಾಕ್ಯಗಳ ಮೇಲೆಯೇ ತರಬೇತಾದವು. ಅವುಗಳಿಗೆ ಕತ್ತರಿಸಿದ ವಾಕ್ಯವನ್ನು ಕೊಟ್ಟರೆ ಪರಿಚಯವಿಲ್ಲದ ಭಾಷೆಯನ್ನು ಕೊಟ್ಟ ಹಾಗೆಯೇ.

ಅದೇ ಮಾದರಿಗೆ ತಿಳಿದಿರುವ ವರ್ಗಗಳು ವ್ಯಕ್ತಿ, ಸ್ಥಳ, ಸಂಸ್ಥೆ ಎಂಬ ಮೂರೇ ಎಂಬುದನ್ನೂ ಗಮನಿಸಿ. ದೇವರಿಗೆ ಅಲ್ಲಿ ಜಾಗವಿಲ್ಲ! ಅಲ್ಲದೆ ಹೆಸರನ್ನು ಗುರುತಿಸುವುದು ಒಂದು ಕೆಲಸ, ಆ ಹೆಸರು ಯಾರದ್ದೆಂದು ಜೋಡಿಸುವುದು ಮತ್ತೊಂದು ಕೆಲಸ. ಎರಡನೆಯದಕ್ಕೆ ವಿಕಿಡೇಟಾ ಎಂಬ ಮುಕ್ತ ದತ್ತಸಂಚಯದ ಗುರುತುಸಂಖ್ಯೆಗಳನ್ನು ಬಳಸಿ, ಜಿಲ್ಲೆಯ ತಾಲ್ಲೂಕು, ಹೋಬಳಿ, ದೇವಾಲಯ, ಕವಿಗಳ ಒಂದು ಪಟ್ಟಿಯನ್ನು ಕೈಯಿಂದಲೇ ಮಾಡಿಕೊಳ್ಳುವುದು ಲೇಸು.

ಹಾಗೆ ಮಾಡುವಾಗ ಜಿಲ್ಲೆಯ ಹೆಸರಿನಲ್ಲಿ ಆತುರ ಬೇಡ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ; ಅದಕ್ಕೂ ಹಿಂದಿನ ಬರಹದಲ್ಲಿ ‘ಚಿತ್ರದುರ್ಗ ಜಿಲ್ಲೆಯ ಹರಿಹರ’ ಎಂದಿದ್ದರೆ ಅದು ತಪ್ಪಲ್ಲ, ಆ ಕಾಲದ ಸತ್ಯ.

ಏಳುಸುತ್ತಿನ ದಾರಿ

ಮೇಷ್ಟ್ರ ಮಾತಿಗೆ ಒಂದು ಸಣ್ಣ ತಕರಾರು. ಈ ಸುಳಿವು ಅಕಾರಾಂತ ಹೆಸರುಗಳಿಗಷ್ಟೇ ಒದಗುತ್ತದೆ. ‘ಚನ್ನಗಿರಿಗೆ’ ಮತ್ತು ‘ಗೌರಿಗೆ’ ಎಂಬಲ್ಲಿ ಪ್ರತ್ಯಯ ಒಂದೇ. ಊರೋ ಹೆಣ್ಣುಮಗಳೋ ಎಂಬುದನ್ನು ಅದು ಹೇಳಿಕೊಡುವುದಿಲ್ಲ. ಇನ್ನು ದೇವರೂ ಕವಿಯೂ ಇಬ್ಬರೂ ‘ಹರಿಹರನ’ ಎಂದೇ ಆಗುವುದರಿಂದ ಅಲ್ಲಿ ಅಕ್ಕಪಕ್ಕದ ಪದಗಳೇ ಗತಿ: ರಗಳೆ, ಷಟ್ಪದಿ, ರಾಘವಾಂಕ ಬಂದರೆ ಕವಿ, ಗರ್ಭಗುಡಿ, ಪೂಜೆ, ತೇರು ಬಂದರೆ ದೇವರು.

ತೆರೆಮರೆಯ ಓದುಗ

ಮಾರ್ಕಪ್ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ತಪ್ಪು ನಿಮ್ಮದಲ್ಲ. 2023ರ ಆಗಸ್ಟ್‌ನಲ್ಲಿ ಗೂಗಲ್ ಪ್ರಶ್ನೋತ್ತರದ ವಿಶೇಷ ಫಲಿತಾಂಶವನ್ನು ಹೆಸರಾಂತ ಸರ್ಕಾರಿ ಹಾಗೂ ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು; ಕೆಲಸವೊಂದನ್ನು ಮಾಡುವ ಹಂತಗಳನ್ನು ತೋರಿಸುವ ‘ಹೌ-ಟು’ ಬಗೆಯನ್ನೂ ಅದೇ ವರ್ಷ ಕೈಬಿಟ್ಟಿತು. 2025ರ ಜೂನ್‌ನಲ್ಲಿ ಸುದ್ದಿಯ ಸತ್ಯಾಸತ್ಯತೆ ತಿಳಿಸುವ ಕ್ಲೇಮ್ ರಿವ್ಯೂ ಸೇರಿದಂತೆ ಇನ್ನೂ ಕೆಲವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಮಾರ್ಕಪ್ ಬಗೆಗಳನ್ನು ಪಟ್ಟಿಮಾಡುವ ಸ್ಕೀಮಾ.ಆರ್ಗ್ ಪದಕೋಶದಲ್ಲಿ ಒಂದು ಬಗೆ ಇರುವುದು ಬೇರೆ, ಹುಡುಕುತಾಣವೊಂದು ಅದನ್ನು ತೋರಿಸುವುದು ಬೇರೆ. ಹಾಕಿದ್ದನ್ನು ಕೀಳುವ ಅಗತ್ಯವಿಲ್ಲ, ಹೊಸದಾಗಿ ಅದಕ್ಕೆ ದುಡಿಯುವ ಅಗತ್ಯವೂ ಇಲ್ಲ.

ನಿಮ್ಮ ಶ್ರಮವನ್ನು, ಲೇಖನದ ವಿಷಯವನ್ನು ಹುಡುಕುತಾಣಕ್ಕೆ ತಿಳಿಸುವ ಜೆಸನ್-ಎಲ್‌ಡಿ ಭಾಗಕ್ಕೆ ಹಾಕಿ. ದೇವಾಲಯದ ಲೇಖನಕ್ಕೆ ‘ಅಬೌಟ್’ (ಮುಖ್ಯ ವಿಷಯ) ಎಂಬಲ್ಲಿ ದೇವಾಲಯ ಇರಲಿ. ಪಟ್ಟಣವೂ ಕವಿಯೂ ‘ಮೆನ್ಷನ್ಸ್’ (ಪ್ರಾಸಂಗಿಕ ಉಲ್ಲೇಖಗಳು) ಎಂಬಲ್ಲಿ ಪ್ರತ್ಯೇಕವಾಗಿ, ತಮ್ಮ ತಮ್ಮ ವಿಕಿಡೇಟಾ ಕೊಂಡಿಯೊಂದಿಗೆ ಬರಲಿ. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸಿದ್ದೀರೋ ಇಲ್ಲವೋ ನೋಡಿಕೊಳ್ಳಿ; ಸಿದ್ಧ ವಿನ್ಯಾಸಗಳನ್ನು ಬಳಸುವ ಎಷ್ಟೋ ಕನ್ನಡ ತಾಣಗಳು ಇಂಗ್ಲಿಷ್ ಎಂದೇ ಘೋಷಿಸಿಕೊಂಡಿರುತ್ತವೆ.

ಕುಂದವಾಡ ಕೆರೆಏರಿ

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರ ಊಹೆ ನಿಜವಾಗಿತ್ತು: ಹಳೆಯ ಉಪಕರಣಕ್ಕೆಂದು ನಾನೇ ಬರೆದಿದ್ದ ಪ್ರತ್ಯಯ ಕಳಚುವ ತುಣುಕು ಹೊಸದರ ಮುಂದೆಯೂ ಹಾಗೆಯೇ ಕುಳಿತಿತ್ತು. ಅದನ್ನು ತೆಗೆದು, ಸೊನ್ನೆಗಳನ್ನು ಸರಿಪಡಿಸಿ, ನಿನ್ನೆ ರಾತ್ರಿ ಐವತ್ತು ಲೇಖನಗಳನ್ನು ಮತ್ತೆ ಓಡಿಸಿದೆ. ಹೊಳಲ್ಕೆರೆ ಒಂದಾಗಿದೆ, ಹರಿಹರದ ಊರು ಮತ್ತು ಕವಿ ಬಹುತೇಕ ಕಡೆ ಬೇರೆಯಾಗಿದ್ದಾರೆ. ಪುಟದ ಭಾಷೆಯೂ ಇಂಗ್ಲಿಷ್ ಎಂದೇ ಇತ್ತು, ತಿದ್ದಿದ್ದೇನೆ.

ಶೀರ್ಷಿಕೆಗಳು ಮಾತ್ರ ಇನ್ನೂ ಕೈಕೊಡುತ್ತಿವೆ, ಏಕೆಂದರೆ ನಾವು ‘ಹರಿಹರ: ತೇರಿಗೆ ಸಿದ್ಧತೆ’ ಎಂದು ಪ್ರತ್ಯಯವಿಲ್ಲದೆ ಬರೆಯುವವರು. ಅವುಗಳಿಗೆ ಲೇಖನದ ಮೊದಲ ವಾಕ್ಯವನ್ನು ಸೇರಿಸಿ ಕೊಟ್ಟರೆ ಹೇಗೆ ಎಂದು ಈ ವಾರ ಪರೀಕ್ಷಿಸುತ್ತೇನೆ. ದೇವಾಲಯದ ಲೇಖನವನ್ನಂತೂ ಕೈಯಿಂದಲೇ ಟ್ಯಾಗ್ ಮಾಡಿ ಮುಗಿಸಿದೆ. ಅದರಲ್ಲಿ ಎರಡನೇ ನರಸಿಂಹನನ್ನೂ ಉಪಕರಣ ದೇವರ ಸಾಲಿಗೆ ಸೇರಿಸಿದ್ದು ಆಗ ಕಣ್ಣಿಗೆ ಬಿತ್ತು.