ಹೊಸ ಸ್ವಿಚ್ ಹಾಕಿದ ಮೇಲೆ ಮೆಟ್ಟಿಲ ಲೈಟು ಸರಿಯಾಗಿ ಆರುತ್ತಿಲ್ಲ, ಹಳೇ ವೈರಿಂಗ್ ಗೊತ್ತಿದ್ದವರು ಹೇಳಿ

ಆಲ್ದೂರು_ಹೆಂಚಿನಮನೆ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ನಮ್ಮದು ಆಲ್ದೂರು ಹತ್ತಿರದ ಹಳೇ ಹೆಂಚಿನ ಮನೆ. ಹಜಾರದ ಮರದ ಬೋರ್ಡಿನಲ್ಲಿದ್ದ ಕಪ್ಪು ಗುಂಡು ಸ್ವಿಚ್ಚುಗಳು ಸಡಿಲವಾಗಿ ಚಟಚಟ ಅನ್ನುತ್ತಿದ್ದವು. ಚಿಕ್ಕಮಗಳೂರಿನಿಂದ ಬಿಳಿ ಮಾಡ್ಯುಲರ್ ಸ್ವಿಚ್ಚು, ಪ್ಲೇಟು, ಪ್ಲಾಸ್ಟಿಕ್ ಬಾಕ್ಸು ತಂದು, ಮೇನ್ ಆಫ್ ಮಾಡಿ ನಾನೇ ಬದಲಾಯಿಸಿದೆ. ನಾಲ್ಕರಲ್ಲಿ ಮೂರು ಚೆನ್ನಾಗಿವೆ. ಮೆಟ್ಟಿಲ ಲೈಟು ಮಾತ್ರ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದೇ ಇಲ್ಲ. ಆಫ್ ಮಾಡಿದರೂ ರಾತ್ರಿಯಿಡೀ ಮಿಣಿಮಿಣಿ ಅನ್ನುತ್ತಿರುತ್ತದೆ. ಸ್ವಿಚ್ಚೇ ಕೆಟ್ಟದ್ದಿರಬೇಕು ಅಂತ ಇನ್ನೊಂದು ತಂದು ಹಾಕಿದೆ. ಏನೂ ಬದಲಾಗಲಿಲ್ಲ. ಅತ್ತೆ ರಾತ್ರಿ ಎರಡು ಸಲ ಆ ಮೆಟ್ಟಿಲು ಇಳಿಯುತ್ತಾರೆ. ಎಲ್ಲಿ ಜಾರುತ್ತಾರೋ ಅಂತ ನನಗೆ ನಿದ್ದೆ ಇಲ್ಲ. ಏನು ನೋಡಲಿ?

ಅರಸೀಕೆರೆ_ಪಂಪ್‌ಸೆಟ್:
ಸಾರ್, ಸ್ವಿಚ್ಚು ನ್ಯೂಟ್ರಲ್ ಮೇಲೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನ ಮೇಲೆ ಬಂದಿದೆ. ನೂರಕ್ಕೆ ನೂರು ಅದೇ. ಫೇಸ್, ಅಂದರೆ ಕರೆಂಟ್ ಬರುವ ವೈರು, ಸೀದಾ ಹೋಲ್ಡರಿಗೆ ಹೋಗಿದೆ, ನೀವು ಆಫ್ ಮಾಡಿದಾಗ ಕಟ್ ಆಗುತ್ತಿರುವುದು ನ್ಯೂಟ್ರಲ್. ಅದಕ್ಕೇ ಎಲ್‌ಇಡಿ ಮಿಣುಕುತ್ತಿದೆ. ಬಲ್ಬು ಬದಲಾಯಿಸುವಾಗ ಸ್ವಿಚ್ ಆಫ್ ಇದ್ದರೂ ಶಾಕ್ ಹೊಡೆಯುತ್ತದೆ, ಹುಷಾರು. ಆಫ್ ಮಾಡಿ ಹೋಲ್ಡರಿನ ಎರಡೂ ಪಾಯಿಂಟಿಗೆ ಟೆಸ್ಟರ್ ಇಟ್ಟು ನೋಡಿ.

ಕೊಪ್ಪ_ಮಳೆಗಾಲ:
ಮೊದಲು ಗೋಡೆ ಮುಟ್ಟಿ ನೋಡಿ, ತಣ್ಣಗೆ ಒದ್ದೆಯಾಗಿದೆಯಾ? ನಮ್ಮ ಕಡೆ ಆಷಾಢದಲ್ಲಿ ಮರದ ಬೋರ್ಡು ನೀರು ಕುಡಿದು ಊದಿಕೊಳ್ಳುತ್ತದೆ. ಒಂದು ಸ್ಕ್ರೂವಿನಿಂದ ಇನ್ನೊಂದಕ್ಕೆ ಸ್ವಲ್ಪ ಕರೆಂಟ್ ಸೋರಿದರೂ ಎಲ್‌ಇಡಿ ಮಿಣುಕಲು ಸಾಕು.

ಆಲ್ದೂರು_ಹೆಂಚಿನಮನೆ:
ನಾನು ಸಾರ್ ಅಲ್ಲ, ಇರಲಿ. ಟೆಸ್ಟರ್ ಒಂದು ಪಾಯಿಂಟಿನಲ್ಲಿ ಮಂದವಾಗಿ ಹತ್ತಿತು. ಅಣ್ಣನ ಮಗನ ಮಲ್ಟಿಮೀಟರ್ ಇಟ್ಟರೆ 74 ವೋಲ್ಟ್ ತೋರಿಸಿತು. 230 ಇರಬೇಕು, ಇಲ್ಲ ಸೊನ್ನೆ ಇರಬೇಕು, ಅಲ್ವಾ? ಗೋಡೆ ಒದ್ದೆ ಇಲ್ಲ. ಆದರೆ ಹೊರಗೆ ಬಿಡದೆ ಸುರಿಯುತ್ತಿದೆ.

ಅರಸೀಕೆರೆ_ಪಂಪ್‌ಸೆಟ್:
ನೋಡಿ, ಟೆಸ್ಟರ್ ಹತ್ತಿತಲ್ಲ! ನಾನು ಹೇಳಿದ್ದೇ ಸರಿ. ನ್ಯೂಟ್ರಲ್ ಎಲ್ಲೋ ಲೂಸ್ ಕೂಡ ಇದೆ, ಒಮ್ಮೆ ಹತ್ತಿ ಒಮ್ಮೆ ಹತ್ತದಿರುವುದು ಅದಕ್ಕೇ. ಮೀಟರ್ ಬೋರ್ಡಿನಿಂದ ಒಂದೊಂದೇ ಜಾಯಿಂಟ್ ಬಿಚ್ಚುತ್ತಾ ಬನ್ನಿ.

ಕೊಪ್ಪ_ಮಳೆಗಾಲ:
ಅಣ್ಣ, ಅರಸೀಕೆರೆಯ ಬಿಸಿಲಲ್ಲಿ ಕೂತು ಆಲ್ದೂರಿನ ಮಳೆ ಲೆಕ್ಕ ಹಾಕಬೇಡಿ. ಮಳೆ ಹೊಡೆಯುವಾಗ ಮನೆಯ ಜಾಯಿಂಟೆಲ್ಲ ಬಿಚ್ಚಿ ಅಂತ ಯಾರಾದರೂ ಹೇಳುತ್ತಾರಾ?

ಅರಸೀಕೆರೆ_ಪಂಪ್‌ಸೆಟ್:
ಮಳೆ ಬಂದರೂ ಬಿಸಿಲು ಬಂದರೂ ನ್ಯೂಟ್ರಲ್ ನ್ಯೂಟ್ರಲ್ಲೇ. ಇಪ್ಪತ್ತು ವರ್ಷದಿಂದ ತೋಟದ ಸ್ಟಾರ್ಟರ್ ನಾನೇ ರಿಪೇರಿ ಮಾಡಿಕೊಳ್ಳುತ್ತಿದ್ದೇನೆ.

ಬೇಲೂರು_ಹಳೇವೈರ್‌ಮನ್:
ಅಮ್ಮಾ, ಯಾವ ಜಾಯಿಂಟೂ ಬಿಚ್ಚಬೇಡಿ. ಎರಡು ಮಾತು ಕೇಳುತ್ತೇನೆ. ತೆಗೆದ ಹಳೇ ಸ್ವಿಚ್ಚಿನಲ್ಲಿ ವೈರಿನ ಸ್ಕ್ರೂ ಎಷ್ಟಿದ್ದವು, ಎರಡೋ ಮೂರೋ? ಮೆಟ್ಟಿಲ ಮೇಲ್ಗಡೆ ಇನ್ನೊಂದು ಸ್ವಿಚ್ಚಿದೆಯಾ?

ಆಲ್ದೂರು_ಹೆಂಚಿನಮನೆ:
ಮೇಲೂ ಒಂದಿದೆ ಸಾರ್. ಮೆಟ್ಟಿಲು ಅಂದಮೇಲೆ ಇದ್ದೇ ಇರುತ್ತದೆ ಅಂತ ಬರೆಯಲಿಲ್ಲ. ಅದನ್ನು ಮುಟ್ಟಿಲ್ಲ, ಹಳೆಯದೇ. ಕೆಳಗಿನದಕ್ಕೆ ಮೂರು ಸ್ಕ್ರೂ ಇದ್ದವು. ಹೊಸದಕ್ಕೆ ಎರಡೇ. ಉಳಿದ ಒಂದು ವೈರಿಗೆ ಟೇಪು ಸುತ್ತಿ ಒಳಗೆ ತಳ್ಳಿದೆ. ಇನ್ನೊಂದು ವಿಷಯ ಈಗ ಗಮನಿಸಿದೆ. ಮಿಣುಕುವುದು ಅತ್ತೆ ಮೇಲಿನ ಸ್ವಿಚ್ಚಿನಿಂದ ಆಫ್ ಮಾಡಿದಾಗ ಮಾತ್ರ. ಕೆಳಗಿನಿಂದ ಮಾಡಿದರೆ ಪೂರ್ತಿ ಆರುತ್ತದೆ.

ಬೇಲೂರು_ಹಳೇವೈರ್‌ಮನ್:
ಹಾಗಾದರೆ ಸಿಕ್ಕಿತು. ಅದು ಟೂ ವೇ, ಅಂದರೆ ಒಂದೇ ಲೈಟನ್ನು ಎರಡು ಕಡೆಯಿಂದ ಹತ್ತಿಸಿ ಆರಿಸುವ ಜೋಡಣೆ. ನೀವು ಹಾಕಿದ್ದು ಒನ್ ವೇ ಸ್ವಿಚ್ಚು.

ಕೆಳಗಿನ ಸ್ವಿಚ್ಚಿನಿಂದ ಮೇಲಿನದಕ್ಕೆ ಎರಡು ವೈರು ಜೋಡಿಯಾಗಿ ಹೋಗುತ್ತವೆ. ಕೆಳಗೆ ಕಾಮನ್ ಸ್ಕ್ರೂವಿಗೆ, ಅಂದರೆ ಆ ಜೋಡಿ ಬಿಟ್ಟು ಉಳಿದ ಮೂರನೆಯದಕ್ಕೆ, ಫೇಸ್ ಬರುತ್ತದೆ, ಮೇಲಿನ ಕಾಮನ್‌ನಿಂದ ಬಲ್ಬಿಗೆ ಹೋಗುತ್ತದೆ. ಎರಡೂ ಸ್ವಿಚ್ಚು ಒಂದೇ ವೈರಿನ ಕಡೆ ತಿರುಗಿದ್ದರೆ ಲೈಟು ಹತ್ತುತ್ತದೆ, ಬೇರೆ ಬೇರೆ ಕಡೆ ಇದ್ದರೆ ಆರುತ್ತದೆ. ಆ ಜೋಡಿಯಲ್ಲಿ ಒಂದಕ್ಕೆ ನೀವು ಟೇಪು ಸುತ್ತಿದ್ದೀರಿ. ಅತ್ತೆಯವರು ಮೇಲಿನ ಸ್ವಿಚ್ಚನ್ನು ಆ ಸತ್ತ ವೈರಿನ ಕಡೆ ಹಾಕಿದರೆ, ಕೆಳಗೆ ನೀವು ಎಷ್ಟು ಸಲ ಒತ್ತಿದರೂ ಹತ್ತುವುದಿಲ್ಲ.

ಮಿಣುಕುವುದೂ ಅದರಿಂದಲೇ. ಪಕ್ಕದ ವೈರಿನಲ್ಲಿ ಕರೆಂಟ್ ಇದೆ. ಎರಡೂ ಗೋಡೆಯ ಒಂದೇ ಮರದ ಪಟ್ಟಿಯ ಮೇಲೆ ಅಂಟಿಕೊಂಡು ಅಷ್ಟುದ್ದ ಹೋಗುತ್ತವೆ. ಮುಟ್ಟದೇ ಇದ್ದರೂ ಚೂರು ಕರೆಂಟ್ ಆ ಕಡೆ ದಾಟುತ್ತದೆ. ಹಳೇ 60 ವ್ಯಾಟ್ ಬಲ್ಬಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಎಲ್‌ಇಡಿಗೆ ಸಾಕಾಗುತ್ತದೆ. ನಿಮ್ಮ 74 ವೋಲ್ಟ್ ಕೂಡ ಅದೇ ಇರಬೇಕು. ಮೀಟರು ಎಳೆಯುವ ಕರೆಂಟ್ ತೀರಾ ಕಡಿಮೆ, ಅದಕ್ಕೆ ಇಂಥ ಸುಳ್ಳು ವೋಲ್ಟೇಜು ತೋರಿಸುತ್ತದೆ. ಟೆಸ್ಟರೂ ಅಷ್ಟೇ. ಟೆಸ್ಟ್ ಲ್ಯಾಂಪ್, ಅಂದರೆ ಎರಡು ವೈರು ಕಟ್ಟಿದ ಮಾಮೂಲಿ ಬಲ್ಬು, ಇಟ್ಟರೆ ಹತ್ತುವುದಿಲ್ಲ, ಆಗ ಖಾತ್ರಿ.

6 ಆಂಪ್ ಟೂ ವೇ ಸ್ವಿಚ್ಚು ಅಂತಲೇ ಕೇಳಿ ತನ್ನಿ, ಹಿಂದೆ ಮೂರು ಸ್ಕ್ರೂ ಇರಬೇಕು. ಸಾಮಾನ್ಯವಾಗಿ ನಡುವಿನದು ಕಾಮನ್. ಹಳೇ ಬೋರ್ಡಿನ ಫೋಟೋ ತೆಗೆದಿದ್ದೀರಾ? ಸರಿ ಮಾಡಿದ ಮೇಲೂ ಸ್ವಲ್ಪ ಮಿಣುಕು ಉಳಿಯಬಹುದು, ಗಾಬರಿ ಬೇಡ.

ಸಕಲೇಶಪುರ_ಏಲಕ್ಕಿ:
ನಾನು ಹೋದ ವರ್ಷ ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸಿದೆ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಸ್ಕ್ವೇರ್ ಎಂಎಂ ತಾಮ್ರ. ಪ್ರತಿ ರೂಮಿಗೆ ಬೇರೆ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು), ಮೇಲೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವುದು). ಇನ್ವರ್ಟರ್ ಲೈನು ಪೂರ್ತಿ ಬೇರೆ. ಇವೆಲ್ಲ ಕೂರುವ ಡಿಬಿ ಪೆಟ್ಟಿಗೆಯ ಬಾಗಿಲು ತೆಗೆದರೆ ನೋಡುತ್ತಾ ನಿಲ್ಲಬೇಕು ಅನ್ನಿಸುತ್ತದೆ. ನೀವೂ ಒಂದು ಆರ್‌ಸಿಸಿಬಿ ಹಾಕಿಸಿ, ಸಮಸ್ಯೆ ಮುಗಿಯಿತು.

ಕೊಪ್ಪ_ಮಳೆಗಾಲ:
ಹಳೇ ವೈರಿನ ಮೇಲೆ ಸುಮ್ನೆ ಆರ್‌ಸಿಸಿಬಿ ಹಾಕಿದರೆ ಮಳೆಗಾಲದಲ್ಲಿ ನಿಲ್ಲುವುದೇ ಇಲ್ಲ, ಪದೇಪದೇ ಬೀಳುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಬೇಲೂರು_ಹಳೇವೈರ್‌ಮನ್:
ಬೀಳುವುದು ಆರ್‌ಸಿಸಿಬಿಯ ತಪ್ಪಲ್ಲ. ಕರೆಂಟ್ ಸೋರುತ್ತಿದೆ ಅಂತ ಅದು ಹೇಳುತ್ತಿದೆ. ಬಿದ್ದಿತು ಅಂತ ಅದನ್ನು ತೆಗೆಯಬೇಡಿ, ಸೋರುವ ಜಾಗ ಹುಡುಕಿಸಿ.

ಆಲ್ದೂರು_ಹೆಂಚಿನಮನೆ:
ಫೋಟೋ ಇದೆ! ಒಂದು ಕಡೆ ಒಂಟಿ ಸ್ಕ್ರೂ, ಕಾಮನ್ ಅದೇ ಇರಬೇಕು, ಇನ್ನೊಂದು ಕಡೆ ಎರಡು. ಒಂಟಿ ಸ್ಕ್ರೂವಿನ ವೈರು ನಾನು ಹೊಸ ಸ್ವಿಚ್ಚಿಗೆ ಹಾಕಿದ್ದರಲ್ಲೇ ಇದೆ. ಟೂ ವೇ ತರಿಸುತ್ತೇನೆ. ಆದರೆ ಒಂದು ಹೇಳಬೇಕು. ವೈರುಗಳ ಮೇಲೆ ಬಟ್ಟೆ ಥರ ಸುತ್ತಿದೆ, ಅದರೊಳಗೆ ಕಪ್ಪು ರಬ್ಬರು. ಬಗ್ಗಿಸಿದರೆ ಪುಡಿಪುಡಿಯಾಗಿ ಉದುರುತ್ತದೆ. ಒಳಗಿನ ತಂತಿ ಬೆಳ್ಳಗಿದೆ. ಅಲ್ಯುಮಿನಿಯಂ ಇರಬೇಕು.

ಸಕಲೇಶಪುರ_ಏಲಕ್ಕಿ:
ಅಲ್ಯುಮಿನಿಯಂ ಆದರೆ ತಾಮ್ರದ ತುಂಡು ಸೇರಿಸಿ ಗಟ್ಟಿಯಾಗಿ ತಿರುಚಿ ಟೇಪ್ ಹಾಕಿ. ನಮ್ಮ ಹಳೇ ಮನೆಯಲ್ಲಿ ಹಾಗೇ ನಡೆಯುತ್ತಿತ್ತು.

ಬೇಲೂರು_ಹಳೇವೈರ್‌ಮನ್:
ದಯವಿಟ್ಟು ಆ ಮಾತು ಹೇಳಬೇಡಿ. ತಾಮ್ರ, ಅಲ್ಯುಮಿನಿಯಂ ಎರಡನ್ನೂ ಸೇರಿಸಿ ತಿರುಚಿದರೆ ಜಾಯಿಂಟ್ ಸಡಿಲವಾಗುತ್ತದೆ, ಕಿಲುಬು ಹಿಡಿಯುತ್ತದೆ, ಬಿಸಿಯಾಗುತ್ತದೆ. ಮರದ ಪಟ್ಟಿಯ ಮೇಲೆ ಅಂಥ ಜಾಯಿಂಟ್ ಸುಟ್ಟು ಕರಿಯಾದದ್ದನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ.

ಅಮ್ಮಾ, ನಿಮ್ಮದು ಅಲ್ಯುಮಿನಿಯಂ ಅಲ್ಲ ಅನ್ನಿಸುತ್ತದೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಅದಕ್ಕೇ ಆ ಕಾಲದಲ್ಲಿ ತಾಮ್ರಕ್ಕೆ ತವರ ಹಚ್ಚುತ್ತಿದ್ದರು. ಮೇನ್ ಆಫ್ ಮಾಡಿ ತುದಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ನೋಡಿ.

ಅರಸೀಕೆರೆ_ಪಂಪ್‌ಸೆಟ್:
ಟೂ ವೇ ಅಂತ ಮೊದಲೇ ಹೇಳಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೂ ಫೇಸ್ ಯಾವುದು ಅಂತ ಒಮ್ಮೆ ನೋಡಿಬಿಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್.

ಕೊಪ್ಪ_ಮಳೆಗಾಲ:
ಬಣ್ಣ ನಂಬಬೇಡಿ. ಅವರ ವೈರೆಲ್ಲ ಕಪ್ಪೇ ಅಲ್ವಾ?

ಆಲ್ದೂರು_ಹೆಂಚಿನಮನೆ:
ಕೆರೆದೆ. ಒಳಗೆ ಕೆಂಪು ತಾಮ್ರ. ಟೂ ವೇ ಸ್ವಿಚ್ಚು ಇವತ್ತು ಬಂತು, ಫೋಟೋ ನೋಡಿಕೊಂಡು ಹಾಕಿದೆ. ಈಗ ಮೇಲಿನಿಂದಲೂ ಕೆಳಗಿನಿಂದಲೂ ಹತ್ತುತ್ತದೆ, ಆರುತ್ತದೆ. ಅತ್ತೆ ನಾಲ್ಕು ಸಲ ಹತ್ತಿ ಇಳಿದು ನೋಡಿದರು. ತುಂಬ ಉಪಕಾರ ಆಯಿತು ಸಾರ್. ಮಿಣುಕು ಇನ್ನೂ ಇದೆ, ಈಗ ಎರಡೂ ಕಡೆಯಿಂದ ಆಫ್ ಮಾಡಿದರೂ. ಅಟ್ಟದಲ್ಲಿದ್ದ ಹಳೇ 60 ವ್ಯಾಟ್ ಬಲ್ಬು ಹಾಕಿದರೆ ಮಿಣುಕುವುದಿಲ್ಲ. ಹಾಗಾದರೆ ಉಳಿದ ಬೋರ್ಡುಗಳನ್ನೂ ಬದಲಾಯಿಸಲಾ? ಇನ್ನು ಐದಿವೆ.

ಬೇಲೂರು_ಹಳೇವೈರ್‌ಮನ್:
ಬೇಡ, ಇಲ್ಲಿಗೆ ನಿಲ್ಲಿಸಿ. ರಬ್ಬರು ಪುಡಿಯಾಗುತ್ತಿದೆ ಅಂದರೆ ಆ ವೈರಿನ ಆಯಸ್ಸು ಮುಗಿದಿದೆ. ಸುಮ್ಮನಿದ್ದಷ್ಟು ದಿನ ಇರುತ್ತದೆ. ಬೋರ್ಡು ತೆರೆದು ಬಗ್ಗಿಸಿದಾಗಲೆಲ್ಲ ಹೊಸ ಜಾಗದಲ್ಲಿ ಬರಿ ತಂತಿ ಹೊರಬರುತ್ತದೆ. ಹೊಸ ಸ್ವಿಚ್ಚು ಹಾಕಿದರೆ ಹಳೇ ವೈರು ಹೊಸದಾಗುವುದಿಲ್ಲ. ಲೈಸೆನ್ಸ್ ಇರುವವರನ್ನು ಕರೆಸಿ ಮೆಗ್ಗರ್, ಅಂದರೆ ವೈರಿನ ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತದಾ ಅಂತ ಅಳೆಯುವ ಮೀಟರು, ಹಾಕಿಸಿ. 500 ವೋಲ್ಟ್ ಮೆಗ್ಗರಿನಲ್ಲಿ ಕನಿಷ್ಠ 1 ಮೆಗಾಓಮ್ ಆದರೂ ಬರಬೇಕು. ಈ ಮಳೆಯಲ್ಲೇ ಅಳೆಸಿ. ಬೇಸಿಗೆಯಲ್ಲಿ ಒಣಗಿದಾಗ ಎಲ್ಲ ಮನೆಯೂ ಪಾಸಾಗುತ್ತದೆ. ಅಲ್ಲಿಯವರೆಗೆ ಮೆಟ್ಟಿಲಿಗೆ ಬೇರೆ ಕಂಪನಿಯ ಎಲ್‌ಇಡಿ ಹಾಕಿ ನೋಡಿ, ಕೆಲವು ಮಿಣುಕುವುದಿಲ್ಲ.

ಸಕಲೇಶಪುರ_ಏಲಕ್ಕಿ:
ಹೊಸ ವೈರಿಂಗ್ ಮಾಡಿಸುವಾಗ ಡಿಬಿ ದೊಡ್ಡದೇ ತಗೊಳ್ಳಿ. ನಾನು 12 ವೇ, ಅಂದರೆ 12 ಎಂಸಿಬಿ ಹಿಡಿಯುವುದು, ಹಾಕಿಸಿದೆ, ಈಗಲೇ ಜಾಗ ಸಾಲದು. ಫೋಟೋ ಹಾಕುತ್ತೇನೆ.

ಆಲ್ದೂರು_ಹೆಂಚಿನಮನೆ:
ಮೆಗ್ಗರ್ ಇರುವವರು ಮೂಡಿಗೆರೆಯಲ್ಲಿ ಸಿಕ್ಕಿದ್ದಾರೆ, ಮುಂದಿನ ವಾರ ಬರುತ್ತಾರಂತೆ. ಬೇಲೂರು ಸಾರ್, ಒಂದು ಕೇಳುವುದು ಉಳಿಯಿತು. ಮೀಟರ್ ಬೋರ್ಡಿನಿಂದ ಒಂದು ಬರಿ ತಂತಿ ಹೊರಗೆ ನೆಲಕ್ಕೆ ಹೋಗುತ್ತದೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಅದೇ ಅಂತ ಮಾವ ಹೇಳುತ್ತಿದ್ದರು. ಇವತ್ತು ಹೋಗಿ ಎಳೆದರೆ ಕೈಗೇ ಬಂತು, ಕೆಳಗೆ ತುಕ್ಕು ಹಿಡಿದು ತುಂಡಾಗಿದೆ. ವೈರ್‌ಮನ್ ಬರುವ ತನಕ ಗೀಸರ್ ಹಾಕಬಹುದಾ?

ಬೇಲೂರು_ಹಳೇವೈರ್‌ಮನ್:
ಬೇಡವೇ ಬೇಡ. ಗೀಸರ್, ಮಿಕ್ಸಿ, ವಾಷಿಂಗ್ ಮಿಷನ್ ಯಾವುದೂ ಬೇಡ. ಪ್ಲಗ್ ಕಿತ್ತಿಡಿ. ಹಂಡೆಯಲ್ಲೇ ನೀರು ಕಾಯಿಸಿ. ಮೂಡಿಗೆರೆಯವರಿಗೆ ಇವತ್ತೇ ಫೋನ್ ಮಾಡಿ, ಅರ್ಥ್ ತುಂಡಾಗಿದೆ ಅಂತ ಹೇಳಿ. ಬೇಗ ಬರುತ್ತಾರೆ.