ಗ್ಯಾಸ್ ಕಿಟ್ ತೆಗೆಸಿದ ಮೇಲೆ ಉಳಿದ ನೀರಿನ ಬಾಯಿಗಳನ್ನು ಹೇಗೆ ಮುಚ್ಚಿಸಿದಿರಿ?

ಕೇಳಿದವರು: ಆಳಂದ ರಸ್ತೆ, ಕಲಬುರಗಿ

2008ರ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೇನೆ. ಹಳೆಯ ಮಾಲೀಕರು ಎಲ್‌ಪಿಜಿ ಕಿಟ್ ಬಿಚ್ಚಿಸಿಕೊಂಡಿದ್ದಾರೆ. ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರಿಗೆ ಬಿಸಿನೀರು ಕೊಡಲು, ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರಿನ ಹೋಸುಗಳಲ್ಲಿ ಕೂರಿಸಿದ್ದ ಎರಡು ಹಿತ್ತಾಳೆ ಟೀಗಳು (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಜೋಡಣೆಗಳು) ಹಾಗೆಯೇ ಉಳಿದಿವೆ. ಬೆರಳುದ್ದದ ಹೋಸ್ ತುಂಡು ಸಿಕ್ಕಿಸಿ, ಅದರೊಳಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದಿದ್ದಾರೆ. ಒಂದರಲ್ಲಿ ಜಿನುಗುತ್ತಿದೆ, ವಾರಕ್ಕೆ ಅರ್ಧ ಲೀಟರ್ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹೋಗುತ್ತಿದೆ. ಒಬ್ಬ ಮಿಸ್ತ್ರಿ ರಬ್ಬರ್ ಟೋಪಿ ಸಾಕು ಎನ್ನುತ್ತಾರೆ, ಇನ್ನೊಬ್ಬರು ವೆಲ್ಡಿಂಗ್ ಮಾಡಿಸಿ ಎನ್ನುತ್ತಾರೆ. ಅನುಭವ ಇದ್ದವರು ತಿಳಿಸಿ.

ಸೇಡಂ ರಸ್ತೆಯಿಂದ

ರಬ್ಬರ್ ಟೋಪಿ ಎಂಬ ಮಾತು ಕೇಳಿದರೇ ನನ್ನ ಮೈ ಉರಿಯುತ್ತದೆ. ನನಗೂ ಹಾಗೆಯೇ ಹೇಳಿದ್ದರು. ಇಪ್ಪತ್ತು ರೂಪಾಯಿಯ ಟೋಪಿ, ಹನ್ನೊಂದು ತಿಂಗಳು ಬಾಳಿತು, ಆಮೇಲೆ ನನಗೇ ಟೋಪಿ ಹಾಕಿತು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಹುಮನಾಬಾದಿನಿಂದ ವಾಪಸ್ ಬರುತ್ತಿದ್ದೆ. ಕಮಲಾಪುರ ಇನ್ನೂ ಎರಡು ಕಿಲೋಮೀಟರ್ ಇರುವಾಗ ಬಾನೆಟ್ಟಿನ ಸಂದಿಯಿಂದ ಹೊಗೆ. ಮೀಟರಿನ ಮುಳ್ಳು ಮಾತ್ರ ಮೇಲೇರುವ ಬದಲು ಕೆಳಗೆ ಬಿದ್ದಿತ್ತು! ನೀರೇ ಇಲ್ಲದ ಮೇಲೆ ಸೆನ್ಸರ್ ಯಾವುದರ ಬಿಸಿಯನ್ನು ಅಳೆಯಬೇಕು? ಮುಳ್ಳು ನೋಡಿ ಸಮಾಧಾನಪಟ್ಟುಕೊಂಡು ಇನ್ನೂ ಅರ್ಧ ಕಿಲೋಮೀಟರ್ ಓಡಿಸಿದೆ. ಆ ಅರ್ಧ ಕಿಲೋಮೀಟರಿನಲ್ಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲು) ಹೋಯಿತು.

ಲೆಕ್ಕ ಇಂದಿಗೂ ಡೈರಿಯಲ್ಲಿದೆ: ಎಳೆದು ತಂದ ಗಾಡಿಗೆ 3,000, ಹೆಡ್ಡಿನ ಮೈ ಸಮ ಮಾಡಿಸುವ ಫೇಸಿಂಗ್ 1,200, ಗ್ಯಾಸ್ಕೆಟ್ ಸೆಟ್ 1,850, ಆಯಿಲ್ ಮತ್ತು ಕೂಲಂಟ್ 2,100, ಮಜೂರಿ 4,500. ಒಟ್ಟು 12,650. ಕಾಯುತ್ತ ಕೂತಾಗ ತಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ದುಡ್ಡು ಬೇರೆ. ಹಣ್ಣು ಚೆನ್ನಾಗಿತ್ತು, ಅದೊಂದನ್ನು ಒಪ್ಪಿಕೊಳ್ಳುತ್ತೇನೆ.

ಬೀದರ್‌ನಿಂದ, ನಿವೃತ್ತ

ಯಾವ ಬಾಯಿಯನ್ನೂ ಮುಚ್ಚಬೇಡಿ. ಹೋಗುವ ದಾರಿಯನ್ನು ಬರುವ ದಾರಿಗೆ ಜೋಡಿಸಿಬಿಡಿ. ನನ್ನ ಜೀಪಿನ ಹೀಟರ್ ಸೋರತೊಡಗಿದಾಗ ಕಾಲಬುಡದ ಮ್ಯಾಟ್ ಅಂಟಂಟು, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು, ಒಳಗೆಲ್ಲ ಸಿಹಿಯಾದ ವಾಸನೆ. ಯಾರೋ ಪಾಕ ಚೆಲ್ಲಿದ್ದಾರೆ ಎಂದು ಮೊಮ್ಮಕ್ಕಳನ್ನು ಗದರಿಸಿದ್ದೆ, ಪಾಪ. ಮಿಸ್ತ್ರಿ ಎರಡೂ ಬಾಯಿಗಳಿಗೆ ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಲು ಹೊರಟರು, ನಾನು ಬಿಡಲಿಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ತೆರೆಯುವ ಕವಾಟ) ಮುಚ್ಚಿರುವಾಗ ನೀರು ತಿರುಗುವುದೇ ಹೀಟರ್ ದಾರಿಯಿಂದ. ಅದನ್ನು ಕಟ್ಟಿಬಿಟ್ಟರೆ ಬಿಸಿನೀರು ಥರ್ಮೋಸ್ಟಾಟಿಗೆ ತಡವಾಗಿ ಮುಟ್ಟುತ್ತದೆ, ಅದು ತಡವಾಗಿ ತೆರೆಯುತ್ತದೆ. ಹೀಟರನ್ನು ಬಿಟ್ಟು, ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಹೋಸ್ ತರಿಸಿ ಎರಡೂ ಬಾಯಿಗಳನ್ನು ಜೋಡಿಸಿದೆ. 260 ರೂಪಾಯಿ. ಆರು ವರ್ಷ ಒಂದು ಹನಿ ಸೋರಲಿಲ್ಲ.

ಡಿಸೆಂಬರ್ ಬಂದಾಗ ಮಾತ್ರ ಮನೆಯವಳು ಒಂದು ಮಾತು ಕೇಳಿದಳು, "ಮಂಜು ಹಿಡಿದ ಗಾಜನ್ನು ಸೆರಗಿನಿಂದ ಎಷ್ಟು ದಿನ ಒರೆಸಲಿ?" ಕೊನೆಗೆ 3,800 ಕೊಟ್ಟು ಹೊಸ ಹೀಟರ್ ಹಾಕಿಸಿದೆ. ಅದು ಬೇರೆ ವಿಷಯ.

ಸೇಡಂ ರಸ್ತೆಯಿಂದ

ಕಾಕಾ, ಬೇರೆ ವಿಷಯ ಹೇಗಾಗುತ್ತದೆ? 260ರ ಮೇಲೆ 3,800 ಸೇರಿಸಿ ಹೇಳಬೇಕಲ್ಲವೇ?

ಬೀದರ್‌ನಿಂದ, ನಿವೃತ್ತ

ನಾನು ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡಿಲ್ಲ.

ಶಹಾಪುರ, ಲೇತ್ ಕೆಲಸದವನು

ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಎಂದು, ಅಂದರೆ 0.9 ಬಾರ್ ಒತ್ತಡ ಎಂದು, ಬರೆದಿರುವುದನ್ನು ಯಾರಾದರೂ ಓದಿದ್ದೀರಾ? ಆ ಒತ್ತಡದಲ್ಲಿ ನೀರು ಕುದಿಯುವುದು 100ಕ್ಕಲ್ಲ, ಸುಮಾರು 118 ಡಿಗ್ರಿಗೆ. ಅಷ್ಟು ಬಿಸಿ, ಅಷ್ಟು ಒತ್ತಡ ಎರಡನ್ನೂ ಗಾಳಿ ಪೈಪಿಗೆಂದು ಮಾಡಿದ ತೆಳು ಟೋಪಿ ತಡೆಯಬೇಕು ಎಂದರೆ ಹೇಗೆ? ಬೋಲ್ಟಿನದು ಇನ್ನೊಂದು ಕಥೆ. ಕ್ಲಿಪ್ ಎಷ್ಟೇ ಬಿಗಿಯಿರಿ, ಹಲ್ಲಿನ ಸುರುಳಿಯ ಉದ್ದಕ್ಕೂ ನೀರು ದಾರಿ ಹಿಡಿಯುತ್ತದೆ, ಹಲ್ಲು ಹೋಸನ್ನು ಒಳಗಿನಿಂದ ಕೊರೆಯುತ್ತದೆ.

ನಾನು ಹಿತ್ತಾಳೆಯ ಗಟ್ಟಿ ಸರಳಿನಲ್ಲಿ ನುಣುಪಾದ ಡಮ್ಮಿ ಕಡೆದು, ತುದಿಯಲ್ಲಿ ಉಬ್ಬು ಬಿಟ್ಟು, ಉಬ್ಬಿನ ಹಿಂದೆ ಕ್ಲಿಪ್ ಬರುವಂತೆ ಕೊಡುತ್ತೇನೆ. ಎಂಜಿನ್ ಬ್ಲಾಕಿನಲ್ಲೇ ಹಲ್ಲಿನ ತೂತು ಇದ್ದರೆ ತುದಿಯತ್ತ ಸಣ್ಣದಾಗುವ ಟೇಪರ್ ಪ್ಲಗ್. ಟೆಫ್ಲಾನ್ ಟೇಪ್ ಮೂರು ಸುತ್ತು, ಪ್ಲಗ್ ತಿರುಗುವ ದಿಕ್ಕಿನಲ್ಲೇ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಂಡು ಬರುತ್ತದೆ. ಟೇಪರ್ ಎಂದರೆ ಬೆಣೆ ಇದ್ದಂತೆ, ಅಲ್ಯೂಮಿನಿಯಂ ಮೇಲೆ ಬಲ ತೋರಿಸಬಾರದು. ಒಮ್ಮೆ ನಾನೇ ತೋರಿಸಿದೆ. ಗಿರಾಕಿಯ ಥರ್ಮೋಸ್ಟಾಟ್ ಹೌಸಿಂಗ್ "ಟಿಕ್" ಎಂದಿತು. ಕೈಯಿಂದ 2,400 ಕೊಟ್ಟು ಹೊಸದು ತರಿಸಿದೆ. ಆ ಶಬ್ದ ಇನ್ನೂ ಕಿವಿಯಲ್ಲಿದೆ.

ಇನ್ನೊಂದು ಮಾತು. ಸೇಡಂ ರಸ್ತೆಯ ಸಾಹೇಬರು ಮಿಸ್ತ್ರಿಯನ್ನು ಬೈಯುವ ಮೊದಲು ರೇಡಿಯೇಟರಿಗೆ ಏನು ಸುರಿಯುತ್ತಿದ್ದರು ಎಂದು ಹೇಳಲಿ.

ಸೇಡಂ ರಸ್ತೆಯಿಂದ

ಮನೆಯ ಬೋರಿನ ನೀರು. ಕುಡಿಯುವ ನೀರು ಅದು. ಅದರಲ್ಲೇನು ತಪ್ಪು?

ಶಹಾಪುರ, ಲೇತ್ ಕೆಲಸದವನು

ಸುಣ್ಣದ ಕಲ್ಲಿನ ಮೇಲೆ ಕುಳಿತ ಸೀಮೆ ನಿಮ್ಮದು. ಮನೆಯ ನೆಲಕ್ಕೆ ಶಹಾಬಾದ್ ಕಲ್ಲು, ರೇಡಿಯೇಟರಿನ ಒಳಗೂ ಶಹಾಬಾದ್ ಕಲ್ಲು. ನೀರು ಕಾಯಿಸುವ ಪಾತ್ರೆಯ ತಳ ನೋಡಿ, ಬಿಳಿ ಹಕ್ಕಳೆ ಕಟ್ಟಿರುತ್ತದೆ. ಎಂಜಿನ್ ಒಳಗೂ ಅದೇ. ಟೋಪಿ ಹೋಗಿದ್ದು ನೆಪ.

ಸೇಡಂ ರಸ್ತೆಯಿಂದ

ನೆಪಕ್ಕೆ ಯಾರೂ 12,650 ಕೊಡುವುದಿಲ್ಲ. ನಮ್ಮ ತಂದೆ ಇದೇ ನೀರು ಹಾಕಿ ಲಾರಿ ಓಡಿಸಿದವರು.

ಯಾದಗಿರಿ, ಶಿಕ್ಷಕಿ

ಗಂಡಸರು ನೀರಿಗೆ ಜಗಳವಾಡುವುದನ್ನು ಮೊದಲ ಬಾರಿ ನೋಡುತ್ತಿದ್ದೇನೆ. ಕಿಟ್ ತೆಗೆಸಿದ್ದು ನಾನೂ ಹೌದು. ಟೀಗೆ ಕಲಸಿ ಹಚ್ಚುವ ಎಪಾಕ್ಸಿ ಮೆತ್ತಿಸಿದ್ದೆ, 90 ರೂಪಾಯಿ. ಎರಡು ತಿಂಗಳಿಗೆ ಬಿರುಕು ಬಿಟ್ಟಿತು. ಮತ್ತೆ ಮೆತ್ತಿಸಿದೆ, ಮೂರು ವಾರ. ನಂತರ ಇದೇ ರೀತಿಯ ಹಿತ್ತಾಳೆ ಡಮ್ಮಿ, ಇವರ ಅಂಗಡಿಯದಲ್ಲ.

ಆದರೆ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಸೋರಿಕೆಯಲ್ಲ, ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ. ಅದರಲ್ಲಿ ಪೆಟ್ರೋಲ್ ಜೊತೆ ಎಲ್‌ಪಿಜಿ ಎಂದೂ ಇತ್ತು. ಗಾಡಿಯಲ್ಲಿ ಕಿಟ್ ಇಲ್ಲ, ಕಾಗದದಲ್ಲಿ ಇದೆ. ಮಾರಲು ಹೋದಾಗ ಕೊಳ್ಳುವವರು ಹಿಂದೆ ಸರಿದರು. ತಿದ್ದಿಸಲು ಮೂರು ಸಲ ರಜೆ ಹಾಕಿದೆ. ಹಳೆಯ ಮಾಲೀಕರು ತಿದ್ದಿಸಿದ್ದಾರೆಯೇ ಎಂದು ಮೊದಲು ನೋಡಿ.

ಬೀದರ್‌ನಿಂದ, ನಿವೃತ್ತ

ಮೇಡಂ, ಅವರು ಕೇಳಿದ್ದು ಸೋರಿಕೆಯ ಬಗ್ಗೆ.

ಯಾದಗಿರಿ, ಶಿಕ್ಷಕಿ

ನಿಮ್ಮ ಸೆರಗಿನ ಕಥೆಯೂ ಸೋರಿಕೆಯ ಬಗ್ಗೆಯೇ ಇತ್ತೇ ಸರ್?

ಕೇಳಿದವರು: ಆಳಂದ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ರಿಂಗ್ ರಸ್ತೆಯಲ್ಲಿ ಒಬ್ಬ ಹಿರಿಯ ಉಸ್ತಾದರಿಗೆ ತೋರಿಸಿದೆ. ಅವರು ಏನನ್ನೂ ಮುಚ್ಚಲಿಲ್ಲ. ಎಂಜಿನ್ ತಣ್ಣಗಾಗುವವರೆಗೆ ಚಹಾ ಕುಡಿಸಿ ಕೂರಿಸಿದರು, ಆಮೇಲೆ ಎರಡೂ ಟೀಗಳನ್ನು ಕಿತ್ತುಹಾಕಿ, ನಡುವೆ ಜೋಡಣೆಯೇ ಇಲ್ಲದ ಎರಡು ಅಖಂಡ ಹೋಸ್ ಹಾಕಿದರು. ಹೋಸ್ 520, ನಾಲ್ಕು ಕ್ಲಿಪ್ 120, ಕೂಲಂಟ್ 450, ಮಜೂರಿ 300. ಬಿಚ್ಚಿದಾಗ ಒಳಗಿನ ಬೋಲ್ಟ್ ತುಕ್ಕು ತಿಂದು ಪೆನ್ಸಿಲಿನಷ್ಟಾಗಿತ್ತು. ಹತ್ತು ದಿನವಾಯಿತು, ಟ್ಯಾಂಕಿನ ಗೆರೆ ಇಳಿದಿಲ್ಲ. ಆರ್‌ಸಿ ನೋಡಿದೆ, ಎಲ್‌ಪಿಜಿ ಇನ್ನೂ ಇದೆ. ಹೋಗಬೇಕು.

ಶಹಾಪುರ, ಲೇತ್ ಕೆಲಸದವನು

ಆ ಹಿತ್ತಾಳೆ ಟೀಗಳನ್ನು ಗುಜರಿಗೆ ಹಾಕಬೇಡಿ ಅಣ್ಣಾ. ನನಗೆ ಬೇಕು.

ಸೇಡಂ ರಸ್ತೆಯಿಂದ

1,390 ಆಯಿತು. ನನಗೆ ಆ ಉಸ್ತಾದರ ವಿಳಾಸ ಕೊಡಿ.